ಕಪಾಟಿನ ಬೀಗದಕೈ

ನಮ್ಮ ಶಾಲೆಗಳಿಂದ ಪತ್ರಿಕೆಗಳಿಗೆ ಬರುವ ವರ್ತಮಾನಗಳು ಬಹುಮಟ್ಟಿಗೆ ಮೂರೇ ಬಗೆಯವು: ಪರೀಕ್ಷೆಯ ಫಲಿತಾಂಶ, ವಾರ್ಷಿಕೋತ್ಸವ, ಸೆಪ್ಟೆಂಬರ್ 5ರ ಗುರುವಂದನೆ. ಮೂರೂ ಇರಬೇಕಾದವೇ. ಆದರೆ ಯಾವ ತರಗತಿಯ ಮಕ್ಕಳು ಈ ವರ್ಷ ಎಷ್ಟು ಕಥೆಪುಸ್ತಕಗಳನ್ನು ಓದಿದರು, ಅವನ್ನು ಅವರ ಕೈಗಿತ್ತ ಉಪಾಧ್ಯಾಯರು ಯಾರು ಎಂಬುದು ಸುದ್ದಿಯಾಗುವುದು ಬಲು ಅಪರೂಪ. ಗುರುವನ್ನು ಗೌರವಿಸುವ ಸಮಾಜ ಗುರುವಿನ ಈ ಕೆಲಸವನ್ನು ಮಾತ್ರ ಏಕೆ ಲೆಕ್ಕಕ್ಕೆ ಹಿಡಿಯದು?

ಓದಿನ ಸ್ಥಿತಿ ಹೇಗಿದೆಯೆಂಬುದನ್ನು ಮೊದಲು ನೋಡೋಣ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ ಪ್ರಕಾರ, ಸರ್ಕಾರಿ ಶಾಲೆಗಳ ಮೂರನೆಯ ತರಗತಿಯವರಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ಶೇಕಡಾ 20.9, ಶಾಲೆಗಳು ಮುಚ್ಚಿದ್ದ ಕೊರೋನಾ ಕಾಲ ಕಳೆದ ಮೇಲೆ, 2022ರಲ್ಲಿ, 16.3; 2024ರಲ್ಲಿ 23.4. ಇಳಿದದ್ದು ಮತ್ತೆ ಏರಿತೆಂಬುದು ಸಂತೋಷದ ಸಂಗತಿ. ಆ ಏರಿಕೆಯ ಹಿಂದೆ ಸಾವಿರಾರು ಉಪಾಧ್ಯಾಯರ ಬೆವರಿದೆ. ಆದರೂ ನೂರು ಮಕ್ಕಳಲ್ಲಿ ಎಪ್ಪತ್ತಾರು ಮಂದಿ ಇನ್ನೂ ಹೊಸ್ತಿಲಾಚೆಯೇ ನಿಂತಿದ್ದಾರೆ ಎಂಬುದನ್ನು ಮರೆಯಲಾಗದು.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ, ಪ್ರತಿಯೊಂದು ಶಾಲೆಯಲ್ಲೂ ಪತ್ರಿಕೆಗಳು, ನಿಯತಕಾಲಿಕಗಳು, ಕಥೆಪುಸ್ತಕಗಳುಳ್ಳ ಗ್ರಂಥಾಲಯವಿರಬೇಕೆಂದು ವಿಧಿಸುತ್ತದೆ. ಅದೇ ಅನುಸೂಚಿ ಎಷ್ಟು ಮಕ್ಕಳಿಗೆ ಎಷ್ಟು ಉಪಾಧ್ಯಾಯರೆಂದು ಎಣಿಸುತ್ತದೆ. ಚಿತ್ರಕಲೆಗೆ, ವ್ಯಾಯಾಮಕ್ಕೆ, ಕಾರ್ಯಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನೂ ಹೆಸರಿಸುತ್ತದೆ. ಗ್ರಂಥಪಾಲಕನೆಂಬವನು ಮಾತ್ರ ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಭಂಡಾರವುಂಟು, ಭಂಡಾರಿಯಿಲ್ಲ!

ಹೀಗಾಗಿ ಪುಸ್ತಕದ ಕಪಾಟು ಯಾರಾದರೊಬ್ಬ ಉಪಾಧ್ಯಾಯರ ತಲೆಗೆ ಬೀಳುತ್ತದೆ. ಪಾಠ, ಬಿಸಿಯೂಟ, ಜನಗಣತಿ, ಚುನಾವಣೆ ಇವುಗಳ ನಡುವೆ ಇದೂ ಒಂದು. ಅವರ ಕೈಗೆ ಬರುವುದು ಬೀಗದಕೈಯೊಂದೇ ಅಲ್ಲ, ದಾಸ್ತಾನಿನ ಪುಸ್ತಕವೂ ಕೂಡ. ಕಳೆದುಹೋದ ಪ್ರತಿಗೆ, ಹರಿದ ರಟ್ಟಿಗೆ ಅವರು ಉತ್ತರ ಹೇಳಬೇಕು. ಕಪಾಟು ಮುಚ್ಚಿಯೇ ಇದ್ದರೆ ಲೆಕ್ಕ ಸರಿಯಾಗಿರುತ್ತದೆ. ಹರಿದ ಪುಸ್ತಕಕ್ಕೆ ವಿವರಣೆ ಕೇಳುವ ಅಧಿಕಾರಿಗಳುಂಟು. ಯಾರೂ ಓದದೆ ಉಳಿದ ಪುಸ್ತಕಕ್ಕೆ ವಿವರಣೆ ಕೇಳಿದವರನ್ನು ನಾನು ಕಾಣೆ.

ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ತಳಹದಿ ಹಾಕಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ ಕಾಪಾಡುವಿಕೆಗಿಂತ ಬಳಕೆಯನ್ನು ಮೇಲಿಟ್ಟಿತು. ಅವರು ಬೆಂಗಳೂರಿನಲ್ಲೇ 1962ರಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನ ಕೇಂದ್ರವೊಂದನ್ನು ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡರು. ಅವರ ಸೂತ್ರ ನಮ್ಮ ಶಾಲೆಯ ಕಪಾಟಿನವರೆಗೆ ಇನ್ನೂ ನಡೆದುಬಂದಿಲ್ಲ.

ಪದವಿ ತರಗತಿಗೆ ಹೊಸದಾಗಿ ಬಂದ ವಿದ್ಯಾರ್ಥಿಗಳನ್ನು, ಪಠ್ಯವನ್ನು ಬಿಟ್ಟು ತಾವು ಮೊದಲು ಓದಿದ ಪುಸ್ತಕ ಯಾವುದೆಂದು ಕೇಳುವುದು ನನ್ನ ವಾಡಿಕೆ. ಅನೇಕರು ಸುಮ್ಮನಿರುತ್ತಾರೆ. ಉತ್ತರ ಹೇಳುವ ಕೆಲವರು ಮಾತ್ರ ಪುಸ್ತಕದ ಹೆಸರಿಗಿಂತ ಮುಂಚೆ ಉಪಾಧ್ಯಾಯರೊಬ್ಬರ ಹೆಸರನ್ನು ಹೇಳುತ್ತಾರೆ. ‘ನಮ್ಮ ಮೇಷ್ಟ್ರು ಕಪಾಟಿಗೆ ಬೀಗ ಹಾಕುತ್ತಿರಲಿಲ್ಲ’ ಎಂದು ಹುಡುಗಿಯೊಬ್ಬಳು ಹೇಳಿದ ಮಾತು ನನ್ನ ಕಿವಿಯಲ್ಲಿ ಉಳಿದಿದೆ. ಮಕ್ಕಳು ಓದುವುದಿಲ್ಲ, ಎಲ್ಲವನ್ನೂ ಮೊಬೈಲು ನುಂಗಿತು ಎಂದು ದೂರುವವರು ಈ ಮಾತನ್ನು ಗಮನಿಸಬೇಕು. ಮೊಬೈಲು ಮಗುವಿನ ಕೈಗೆ ಎಟುಕುವಂತಿದೆ; ಪುಸ್ತಕ ಬೀಗದೊಳಗಿದೆ.

ಓದುಗರನ್ನು ಹುಡುಕಿಕೊಂಡು ಹೋದ ಉಪಾಧ್ಯಾಯರ ಪರಂಪರೆ ನಮ್ಮಲ್ಲಿ ಇಲ್ಲದಿಲ್ಲ. ಶಾಲಾ ಉಪಾಧ್ಯಾಯರಾಗಿದ್ದ ಗಳಗನಾಥರು (1869–1942) ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿದರು. ನೆರೆಯ ಕೇರಳದಲ್ಲಿ ಪಿ. ಎನ್. ಪಣಿಕ್ಕರ್ ಎಂಬ ಉಪಾಧ್ಯಾಯರು 1945ರಲ್ಲಿ ಗ್ರಂಥಶಾಲೆಗಳ ಸಂಘವನ್ನು ಕಟ್ಟಿದರು. 1995ರಲ್ಲಿ ಅವರು ತೀರಿಕೊಂಡ ಜೂನ್ 19ನ್ನು ಆ ನಾಡು ಮರುವರ್ಷದಿಂದ ವಾಚನ ದಿನವಾಗಿ ಆಚರಿಸುತ್ತಿದೆ. ಉಪಾಧ್ಯಾಯನೊಬ್ಬನ ಸ್ಮರಣೆಯೂ ಮಕ್ಕಳ ಓದೂ ಅಲ್ಲಿ ಒಂದೇ ದಿನದಲ್ಲಿ ಕೂಡಿವೆ. ಇದಕ್ಕಿಂತ ಉಚಿತವಾದ ಗುರುವಂದನೆಯನ್ನು ನಾನರಿಯೆ.

ನಮ್ಮಲ್ಲಿಯೂ ಪ್ರಯತ್ನಗಳಾಗಿವೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ ನಮಗುಂಟು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳ ಬಾಗಿಲನ್ನು ಮಕ್ಕಳಿಗೆ ಉಚಿತವಾಗಿ ತೆರೆಯಿತು. ಆದರೆ ಆ ಬಾಗಿಲವರೆಗೆ ಮಗುವನ್ನು ಕರೆದೊಯ್ಯುವ ಕೈ ಉಪಾಧ್ಯಾಯರದೇ. ಆ ಕೈಗೆ ಬಿಡುವು ಬೇಡವೆ?

ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ವಾರಕ್ಕೊಂದು ಅವಧಿ ಓದಿಗೆ ಮೀಸಲಾಗಲಿ; ಪರೀಕ್ಷೆಯ ಸಿದ್ಧತೆಯ ಹೆಸರಿನಲ್ಲಿ ಅದನ್ನು ಯಾರೂ ಕಸಿಯದಿರಲಿ, ಅದಕ್ಕೆ ಅಂಕಗಳನ್ನೂ ಕಟ್ಟದಿರಲಿ. ಮಕ್ಕಳ ಕೈಯಲ್ಲಿ ಸವೆದ ಪುಸ್ತಕಗಳನ್ನು ವರ್ಷಕ್ಕೊಮ್ಮೆ ನಿಶ್ಚಿಂತೆಯಿಂದ ಲೆಕ್ಕದಿಂದ ತೆಗೆದುಹಾಕುವ ಅಧಿಕಾರ ಉಪಾಧ್ಯಾಯರಿಗಿರಲಿ. ಕಪಾಟನ್ನು ನೋಡಿಕೊಳ್ಳುವವರ ಇತರ ಹೊರೆಗಳಲ್ಲಿ ಒಂದಾದರೂ ಇಳಿಯಲಿ.

ಬರುವ ಸೆಪ್ಟೆಂಬರಿನಲ್ಲಿ ಶಾಲು ಹೊದಿಸುವವರು ಹೊದಿಸಲಿ, ಬೇಡವೆನ್ನುವವನು ನಾನಲ್ಲ. ಆ ಸಮಾರಂಭದ ವರದಿಯಲ್ಲಿ, ಈ ವರ್ಷ ನಮ್ಮ ಶಾಲೆಯಲ್ಲಿ ಇಷ್ಟು ಪುಸ್ತಕಗಳು ಓದಿ ಓದಿ ಹರಿದುಹೋದವು ಎಂಬ ಸಾಲೊಂದು ಸೇರಿದ್ದರೆ, ಅದನ್ನೂ ಆ ಉಪಾಧ್ಯಾಯರ ಕೀರ್ತಿಗೆ ಬರೆದುಕೊಳ್ಳೋಣ.