ಕಾಲು ಚಾಚಲು ಒಂದು ಜಾಗ

ಗಂಡಸು ಮಧ್ಯಾಹ್ನ ಉಂಡು ಅಡ್ಡಾದರೆ ನಮ್ಮ ಕನ್ನಡ ಅದನ್ನು 'ವಿಶ್ರಾಂತಿ' ಎನ್ನುತ್ತದೆ. ಅದೇ ಮನೆಯಲ್ಲಿ, ಅದೇ ಹೊತ್ತಿನಲ್ಲಿ ಹೆಂಗಸು ಅಡ್ಡಾದರೆ ಅದು 'ಬಿದ್ದುಕೊಂಡಿರುವುದು'. 'ಅವರು ಮಲಗಿದ್ದಾರೆ, ಗಲಾಟೆ ಮಾಡಬೇಡಿ' ಎಂದು ಮಕ್ಕಳನ್ನು ಗದರುವ ಮನೆಯೇ 'ಇಷ್ಟು ಹೊತ್ತಿನಲ್ಲಿ ಎಂಥಾ ಮಲಗೋದು?' ಎಂದು ಸೊಸೆಯನ್ನು ಕೇಳುತ್ತದೆ. ಅದರ ಮೇಲೆ, ಮುಸ್ಸಂಜೆಯಲ್ಲಿ ಹೆಣ್ಣುಮಕ್ಕಳು ಮಲಗಿದರೆ ಲಕ್ಷ್ಮಿ ಒಳಗೆ ಬರುವುದಿಲ್ಲ ಎಂಬ ಮಾತು ಬೇರೆ. ಪಾಪ, ಆ ಲಕ್ಷ್ಮಿಗಾದರೂ ಪುರುಸೊತ್ತು ಎಲ್ಲಿದೆ ಹೇಳಿ? ಕ್ಯಾಲೆಂಡರಿನ ಚಿತ್ರ ನೋಡಿ. ಸ್ವಾಮಿ ಶೇಷನ ಮೇಲೆ ಹಾಯಾಗಿ ಒರಗಿದ್ದಾನೆ. ಅಮ್ಮನವರು ಬುಡದಲ್ಲಿ ಕೂತು ಕಾಲು ಒತ್ತುತ್ತಿದ್ದಾರೆ.

ಈಗ ನಮ್ಮ ಊರುಗಳ ಪೀಠೋಪಕರಣದ ಅಂಗಡಿಗಳಿಗೆ 'ಲೌಂಜರ್' ಎಂಬ ಸೋಫಾ ಬಂದಿದೆ. ಇಂಗ್ಲಿಷಿನ 'ಎಲ್' ಅಕ್ಷರದ ಹಾಗೆ ಒಂದು ತುದಿ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅಲ್ಲಿ ಬೆನ್ನು ಒರಗಿಸಿ, ಕಾಲು ನೀಡಿ ಕೂರಬಹುದು, ಮಲಗಲೂಬಹುದು. ಫ್ರೆಂಚರು ಇಂಥ ಆಸನಕ್ಕೆ 'ಶೇಜ್ ಲಾಂಗ್' ಎಂದರು, ಅಂದರೆ ಉದ್ದ ಕುರ್ಚಿ. ಹೆಸರು ಏನೇ ಇರಲಿ. ನನ್ನ ವಾದ ಇಷ್ಟು: ಈ ಆಸನವನ್ನು ಮನೆಗೆ ತರುವುದಾದರೆ ಅದು ಆ ಮನೆಯಲ್ಲಿ ಅತಿ ಹೆಚ್ಚು ಹೊತ್ತು ನಿಂತಿರುವವಳ ಅಳತೆಗೆ ಇರಬೇಕು, ಅವಳೇ ಅದನ್ನು ಆರಿಸಬೇಕು. ನೆಂಟರ ಕಣ್ಣಿಗೆಂದು ತರುವುದಾದರೆ ದಯವಿಟ್ಟು ತರಲೇಬೇಡಿ. ಒರೆಸುವ ಕೆಲಸ ಇನ್ನೊಂದು ಹೆಚ್ಚಾದೀತು, ಅಷ್ಟೇ.

ಒರಗಿ ಕೂರುವ ಆಸನ ನಮಗೆ ಹೊಸದೇನಲ್ಲ. ಜಗಲಿಯ ಮೇಲೆ ದಪ್ಪ ಬಟ್ಟೆ ಕಟ್ಟಿದ ಈಸಿಚೇರು ಎಷ್ಟು ಮನೆಗಳಲ್ಲಿರಲಿಲ್ಲ! ಅದು ಅಜ್ಜನದು, ಆಮೇಲೆ ಅಪ್ಪನದು. ಅವರು ಊರಲ್ಲಿ ಇಲ್ಲದ ದಿನವೂ ಅಜ್ಜಿ ಅದರಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಅವಳಿಗೆ ಕಂಬವೋ ಗೋಡೆಯೋ ಸಾಕಿತ್ತು. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳ ಬಂಗಲೆಗಳಲ್ಲಿದ್ದ ಪ್ಲಾಂಟರ್ ಕುರ್ಚಿಯನ್ನು ನೋಡಿದ್ದೀರಾ? ಬೆತ್ತ ಹೆಣೆದ ಇಳಿಜಾರು ಬೆನ್ನು, ಮುಂದಕ್ಕೆ ಬಹಳ ದೂರ ಚಾಚಿಕೊಂಡ ಎರಡು ಮರದ ತೋಳುಗಳು. ತೋಟ ಸುತ್ತಿ ಬಂದ ದೊರೆ ಆ ತೋಳುಗಳ ಮೇಲೆ ಎರಡು ಕಾಲನ್ನೂ ಅಗಲಿಸಿ ಇಟ್ಟು ಸುಧಾರಿಸಿಕೊಳ್ಳಲಿ ಎಂದು ಮಾಡಿದ ಕುರ್ಚಿ ಅದು. ಸೀರೆ ಉಟ್ಟವಳು ಅದರಲ್ಲಿ ಹಾಗೆ ಕೂರುವುದು ಸಾಧ್ಯವೇ? ಆ ಕುರ್ಚಿಗೆ ಉಳಿ ಹಿಡಿದ ದಿನವೇ ಹೆಂಗಸನ್ನು ಲೆಕ್ಕದಿಂದ ಬಿಟ್ಟಾಗಿತ್ತು.

ಅಜ್ಜಿಯರ ಕಾಲದಲ್ಲಿ ಕೆಲಸ ಕಡಿಮೆಯಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಒಂದು ಮಾತು. ಆಗ ಒಲೆ ನೆಲದ ಮೇಲಿತ್ತು. ಒಲೆಯ ಮುಂದೆ ಮಣೆ, ತರಕಾರಿ ಹೆಚ್ಚಲು ಈಳಿಗೆ ಮಣೆ, ರುಬ್ಬಲು ಒರಳು. ಮೈ ಮುರಿಯುವ ಕೆಲಸವೇ ಆದರೂ ಬಹುಪಾಲು ಕೂತು ಮಾಡುವ ಕೆಲಸ. ಗ್ಯಾಸು ಬಂತು, ಕಟ್ಟೆ ಬಂತು, ಮಿಕ್ಸಿ ಬಂತು, ಸಿಂಕು ಬಂತು. ಅಡಿಗೆಮನೆ ಎದ್ದು ನಿಂತಿತು, ಅದರ ಜೊತೆ ನಾವೂ ಎದ್ದು ನಿಂತೆವು. ಇವತ್ತು ನಿಮ್ಮ ಅಡಿಗೆಮನೆಯಲ್ಲಿ ಕೂರಲು ಒಂದು ಸ್ಟೂಲಾದರೂ ಇದೆಯೇ, ಎದ್ದು ಹೋಗಿ ನೋಡಿ ಬನ್ನಿ. ದಿನವಿಡೀ ನಿಲ್ಲುವವರ ಕಾಲಿನ ರಕ್ತನಾಳಗಳು ಉಬ್ಬಿ ಹಸಿರು ಗಂಟಾಗುವುದನ್ನು ವೈದ್ಯರು ವೆರಿಕೋಸ್ ವೇನ್ಸ್ ಎನ್ನುತ್ತಾರೆ. ಅದಕ್ಕೆ ಅವರು ಹೇಳುವ ಮೊದಲ ಉಪಚಾರಗಳಲ್ಲಿ ಒಂದು, ದಿನಕ್ಕೆ ಕೆಲವು ಸಲ ಕಾಲುಗಳನ್ನು ಎದೆಯ ಮಟ್ಟಕ್ಕಿಂತ ಎತ್ತರದಲ್ಲಿ ಇಟ್ಟುಕೊಂಡು ಮಲಗುವುದು. ಎಲ್ಲಿ ಇಟ್ಟುಕೊಳ್ಳಬೇಕು? ಸಕ್ಕರೆ ಡಬ್ಬಿಯ ಮೇಲೋ?

ಇದು ನನ್ನೊಬ್ಬಳ ಗೊಣಗಾಟವಲ್ಲ. ನಮ್ಮ ಸರ್ಕಾರವೇ ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿಸಿದೆ. 2019ರ ಲೆಕ್ಕದಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ ಗಂಡಸರು ಕೊಟ್ಟದ್ದು 97 ನಿಮಿಷ. 2024ರಲ್ಲಿ ಹೆಂಗಸರದು 289ಕ್ಕೆ ಇಳಿಯಿತು. ಸಂತೋಷ! ಆದರೆ ಗಂಡಸರದೂ 88ಕ್ಕೆ ಇಳಿಯಿತು. ಐದು ವರ್ಷದಲ್ಲಿ ನಮಗೆ ಹತ್ತು ನಿಮಿಷ ಉಳಿದರೆ ಅವರಿಗೆ ಒಂಬತ್ತು ನಿಮಿಷ ಉಳಿಯಿತು. ಈ 88 ನಿಮಿಷ ಕೂಡ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಸರಾಸರಿ ಮಾತ್ರ. ಕೈ ಹಾಕದವರು ಆ ಲೆಕ್ಕಕ್ಕೇ ಸೇರಿಲ್ಲ.

ಇಷ್ಟಾದರೂ ಸೋಫಾ ಕೊಳ್ಳಲು ಹೋದಾಗ ಅಳತೆ ಯಾರದು? ನಾನು ಹೋದ ಅಂಗಡಿಯಲ್ಲಿ ಕೇಳಿದವಳು ನಾನು, ಉತ್ತರ ಸಿಕ್ಕಿದ್ದು ನಮ್ಮ ಮನೆಯವರಿಗೆ. 'ಸಾರ್, ನೀವು ಒಂದು ಸಲ ಕೂತು ನೋಡಿ ಸಾರ್' ಎಂದು ಹುಡುಗ ಅವರನ್ನೇ ಕೂರಿಸಿದ. ನಾನು ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು ಮಲಗಿ ನೋಡಿದಾಗ ಅಂಗಡಿಯೇ ಒಂದು ಕ್ಷಣ ಸುಮ್ಮನಾಯಿತು. ಸೀರೆಯನ್ನು ಹೆಗಲ ಮೇಲೆ ಹಾಕಿ ನೋಡದೆ ಕೊಳ್ಳುವವಳು ಉಂಟೇ? ಚಪ್ಪಲಿಯನ್ನು ಮೆಟ್ಟಿ ನೋಡದೆ ತರುತ್ತೇವೆಯೇ? ಮಲಗುವ ಆಸನವನ್ನು ಮಾತ್ರ ಬಣ್ಣ ನೋಡಿ, ಪರದೆಗೆ ಹೊಂದುತ್ತದೆಯೇ ಎಂದು ನೋಡಿ ತಂದುಬಿಡುತ್ತೇವೆ.

ಆದ್ದರಿಂದ ನನ್ನ ಅಕ್ಕತಂಗಿಯರೇ, ಅಂಗಡಿಗೆ ಹೋದರೆ ಮೊದಲು ಮಲಗಿ. ಹತ್ತು ನಿಮಿಷ ಮಲಗಿ, ಯಾರು ನೋಡಿದರೂ ನೋಡಲಿ. ಬೆನ್ನನ್ನು ಪೂರ್ತಿ ಹಿಂದಕ್ಕೆ ತಾಗಿಸಿ ಕಾಲು ನೀಡಿದಾಗ ಹಿಮ್ಮಡಿ ಮೆತ್ತೆಯ ಮೇಲೇ ಇರಬೇಕು, ಅಂಚಿನಿಂದ ಆಚೆ ನೇತಾಡಬಾರದು. ಬೆನ್ನೊರಗಿನ ದಪ್ಪ ಬಿಟ್ಟು ಒಳಗಿನ ಉದ್ದ ನಾಲ್ಕೂವರೆ ಅಡಿಯಾದರೂ ಇದ್ದರೆ ನಮ್ಮಂಥವರಿಗೆ ಸಾಕು. ಪೂರ್ತಿ ಮಲಗುವುದಾದರೆ ನಿಮ್ಮ ಎತ್ತರಕ್ಕಿಂತ ಅರ್ಧ ಅಡಿ ಹೆಚ್ಚು ಬೇಕು. ನೆಲದಿಂದ ಎತ್ತರ 17 ಇಂಚಿನ ಆಸುಪಾಸು ಇರಲಿ. ಈಗಿನ ಫ್ಯಾಷನ್ನಿನ ತೀರಾ ತಗ್ಗು ಸೋಫಾದಲ್ಲಿ ಕೂತ ಮಂಡಿನೋವಿನವರು ಏಳಲು ಇಬ್ಬರು ಕೈ ಹಿಡಿಯಬೇಕು. ಮೆತ್ತೆಯ ಫೋಮನ್ನು 'ಡೆನ್ಸಿಟಿ'ಯ ಲೆಕ್ಕದಲ್ಲಿ ಹೇಳುತ್ತಾರೆ. ನಲವತ್ತು ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮು 40 ಕಿಲೋ ತೂಗುತ್ತದೆ ಎಂದರ್ಥ. ಕೂರುವ ಭಾಗಕ್ಕೆ 32ಕ್ಕಿಂತ ಕಡಿಮೆ ಬೇಡ. ಅಂಗಡಿಯಲ್ಲಿ ಹತ್ತಿಯಂತೆ ಮೆತ್ತಗಿರುವುದು ಮನೆಯಲ್ಲಿ ಬೇಗ ಗುಂಡಿ ಬೀಳುತ್ತದೆ. ರೆಕ್ಸಿನ್ ಬೇಸಿಗೆಯಲ್ಲಿ ಬೆನ್ನಿಗೆ ಅಂಟುತ್ತದೆ. ಜಿಪ್ಪಿನ ಹತ್ತಿ ಬಟ್ಟೆಯ ಹೊದಿಕೆಯಾದರೆ ಬಿಚ್ಚಿ ಒಗೆಯಬಹುದು. ಕಾಲುಗಳು ನೆಲದಿಂದ ಐದಾರು ಇಂಚು ಎತ್ತರವಿರಲಿ, ಪೊರಕೆ ಹೋಗಬೇಕು. ಪೊರಕೆ ಹಿಡಿಯುವವರು ಯಾರೆಂದು ಬೇರೆ ಹೇಳಬೇಕಾಗಿಲ್ಲವಲ್ಲ! ಚಾಚಿದ ತುದಿ ಎಡಕ್ಕೋ ಬಲಕ್ಕೋ ಎಂದು ಕಾಗದದ ಮೇಲೆ ಬರೆದು ತೋರಿಸಿ. ಅದು ಟಿ.ವಿ.ಯ ಎದುರಿಗಲ್ಲ, ಕಿಟಕಿಯ ಪಕ್ಕಕ್ಕೆ ಬರಲಿ. ಮೆಟ್ಟಿಲು, ಬಾಗಿಲುಗಳ ಅಗಲ ಅಳೆದುಕೊಂಡೇ ಹೋಗಿ.

ಇನ್ನೊಂದು ಕಥೆ ನಿಮಗೆ ಗೊತ್ತಿರಬೇಕು. 1927ರಲ್ಲಿ ಪ್ಯಾರಿಸ್ಸಿನಲ್ಲಿ ಶಾರ್ಲೆಟ್ ಪೆರಿಯಾನ್ ಎಂಬ ಇಪ್ಪತ್ತನಾಲ್ಕು ವರ್ಷದ ಹುಡುಗಿ ಹೆಸರಾಂತ ವಾಸ್ತುಶಿಲ್ಪಿ ಲೆ ಕಾರ್ಬ್ಯುಸಿಯೆ ಅವರ ಬಳಿ ಕೆಲಸ ಕೇಳಲು ಹೋದಳು. ಮುಂದೆ ನಮ್ಮ ಚಂಡೀಗಢವನ್ನು ರೂಪಿಸಿದವರು ಅವರೇ. ಇಲ್ಲಿ ನಾವು ದಿಂಬಿಗೆ ಕಸೂತಿ ಹಾಕುವುದಿಲ್ಲ ಎಂಬರ್ಥದ ಮಾತಾಡಿ ಅವಳನ್ನು ಹಿಂದಕ್ಕೆ ಕಳಿಸಿದರು. ಆಮೇಲೆ ಅವಳ ಕೆಲಸವನ್ನು ಪ್ರದರ್ಶನದಲ್ಲಿ ಕಂಡು ತಾವೇ ಸೇರಿಸಿಕೊಂಡರು. 1928ರಲ್ಲಿ ಅವಳು, ಅವರು ಮತ್ತು ಪಿಯೆರ್ ಜೆನರೆ ಸೇರಿ ಉಕ್ಕಿನ ಕೊಳವೆಯ ಒಂದು ಉದ್ದ ಕುರ್ಚಿ ಮಾಡಿದರು. ಕಾಲು ಮೇಲೆ, ತಲೆ ಕೆಳಗೆ ಬರುವಂತೆ ಅದನ್ನು ಓರೆಯಾಗಿಸಿ ಮಲಗಬಹುದು. ಇಂದಿಗೂ ಲೋಕಪ್ರಸಿದ್ಧವಾದ ಕುರ್ಚಿ ಅದು. ಆ ಕಾಲದ ಫೋಟೋದಲ್ಲಿ ಅದರ ಮೇಲೆ ಮಲಗಿರುವವಳು ಶಾರ್ಲೆಟ್ಟೇ, ಮುಖ ಮಾತ್ರ ಆಚೆ ತಿರುಗಿದೆ. ಬಹಳ ವರ್ಷ ಜನ ಅದನ್ನು ಲೆ ಕಾರ್ಬ್ಯುಸಿಯೆ ಅವರ ಕುರ್ಚಿ ಎಂದೇ ಕರೆದರು. ಕಲ್ಪಿಸಿದ್ದರಲ್ಲಿ ಅವಳ ಪಾಲು, ಮಲಗಿ ತೋರಿಸಿದವಳು ಅವಳು, ಹೆಸರು ಇನ್ನೊಬ್ಬರದು! ನಮ್ಮ ಅಡಿಗೆಯ ಕಥೆಯೂ ಹೀಗೇ ಅಲ್ಲವೇ? ಮಾಡಿದವಳು ಒಳಗೆ, ಮದುವೆ ಮನೆಯ ಭಟ್ಟರ ಹೆಸರು ಊರಿಗೆಲ್ಲ.

ನನಗೆ ಬರುವ ಆಕ್ಷೇಪಣೆಗಳೂ ಗೊತ್ತು. 'ಒಂದು ಸೋಫಾ ತಂದರೆ ಕೆಲಸ ಕಡಿಮೆಯಾಗುತ್ತದೆಯೇ?' ಆಗುವುದಿಲ್ಲ. ಆದರೆ ಮನೆಯ ನಡುವೆ ಅಮ್ಮನದೇ ಎಂಬ ಒಂದು ಜಾಗವಿದ್ದರೆ, ಅವಳು ಅಲ್ಲಿ ಮಲಗಿರುವಾಗ ಕುಕ್ಕರಿನ ಸೀಟಿ ಎಣಿಸಲು ಬೇರೊಬ್ಬರು ಏಳಲೇಬೇಕಾಗುತ್ತದೆ. 'ಮಂಚವಿದೆಯಲ್ಲ, ಅಲ್ಲಿ ಮಲಗಬಾರದೇ?' ಎಂದು ಇನ್ನು ಕೆಲವರು. ಮಂಚವಿರುವುದು ಒಳಕೋಣೆಯಲ್ಲಿ. ಅಲ್ಲಿ ಬಾಗಿಲು ಮುಂದೆ ಮಾಡಿ ಮಲಗಿದವಳನ್ನು 'ಏನು, ಮೈಗೆ ಹುಷಾರಿಲ್ಲವಾ?' ಎಂದು ಕೇಳುತ್ತಾರೆ. ಹುಷಾರಿದ್ದೂ ಮಲಗಬಹುದೆಂಬುದು ಅವರಿಗೆ ತಿಳಿಯದು. ಕಾಯಿಲೆಯ ನೆಪವಿಲ್ಲದೆ ಒರಗಬೇಕಾದರೆ ನಡುಮನೆಯಲ್ಲೇ ಒರಗಬೇಕು.

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂದು ಗಾದೆ ಹೇಳುವವರೂ ಇದ್ದಾರೆ. ದುಡ್ಡಿನ ಮಾತಾದರೆ ಒಪ್ಪಿದೆ. ಸಾಲ ಮಾಡಿ ಸೋಫಾ ಬೇಡ. ಊರಿನ ಬಡಗಿಯನ್ನು ಕರೆದು ಹಲಸಿನ ಮರದಲ್ಲಿ ಆರಡಿ ಉದ್ದ, ಎರಡೂವರೆ ಅಡಿ ಅಗಲದ ದಿವಾನ ಮಾಡಿಸಿ, ಒಂದು ತುದಿಗೆ ಇಳಿಜಾರು ಒರಗು ಕೊಡಿಸಿ, ಮೇಲೊಂದು ಹತ್ತಿಯ ಹಾಸಿಗೆ ಹಾಕಿದರೂ ಕೆಲಸ ಆಗುತ್ತದೆ. ಆದರೆ ಗಾದೆ ಹೇಳುವವರನ್ನು ಒಂದು ಮಾತು ಕೇಳಬೇಕಾಗಿದೆ: ನಮ್ಮ ಹಾಸಿಗೆಯನ್ನು ಅಷ್ಟು ಗಿಡ್ಡ ಮಾಡಿ ಹೊಲಿದವರು ಯಾರು?

ಆಸನ ಬಂದ ಮೇಲೆ ಅದರ ಮೇಲೆ ಒಗೆದ ಬಟ್ಟೆಯ ರಾಶಿ ಹಾಕಲು ಬಿಡಬೇಡಿ. ಮಕ್ಕಳ ಚೀಲ, ಗಂಡನ ಹೆಲ್ಮೆಟ್ಟು, ಇಸ್ತ್ರಿಗೆ ಹೋಗುವ ಗಂಟು ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಊಟದ ಪಾತ್ರೆ ಸಿಂಕಿನಲ್ಲೇ ಇರಲಿ, ಓಡಿಹೋಗುವುದಿಲ್ಲ. ಕಾಲ ಕೆಳಗೆ ಒಂದು ದಿಂಬು ಇಟ್ಟುಕೊಂಡು, ಕೈಯಲ್ಲಿ ಪುಸ್ತಕ ಇದ್ದರೂ ಸರಿ ಇಲ್ಲದಿದ್ದರೂ ಸರಿ, ಮಲಗಿ. ಪಕ್ಕದ ಮನೆಯವರು ಕರೆದರೆ ದಡಬಡಿಸಿ ಏಳಬೇಡಿ, ಸೆರಗು ಹುಡುಕಬೇಡಿ, 'ಈಗ ತಾನೇ ಒರಗಿದೆ' ಎಂದು ಸಮಜಾಯಿಷಿ ಕೊಡಬೇಡಿ. 'ಬಾಗಿಲು ತೆಗೆದೇ ಇದೆ, ಒಳಗೆ ಬನ್ನಿ' ಎಂದು ಮಲಗಿದಲ್ಲಿಂದಲೇ ಹೇಳಿ.