ಎರೆಮಣ್ಣು ದೋಷವೇ?

‘ಕೈಗಾರಿಕೆಗೆ ನೆಲ ಸಿದ್ಧಪಡಿಸುವುದು’ ಎಂಬ ಮಾತು ಕಡತದಲ್ಲಿ ಬಲು ಸೌಮ್ಯ. ಬಳ್ಳಾರಿ ಸೀಮೆಯ ಎರೆಮಣ್ಣು ಮಳೆನೀರನ್ನು ಹಿಡಿದಿಟ್ಟು, ನೀರಾವರಿಯಿಲ್ಲದೆಯೇ ಹಿಂಗಾರಿ ಜೋಳವನ್ನು ಬೆಳೆಸುತ್ತದೆ. ನೆನೆದರೆ ಉಬ್ಬುವ, ಒಣಗಿದರೆ ಬಿರಿಯುವ ಇದೇ ಗುಣ ಕಟ್ಟಡದ ಅಡಿಪಾಯಕ್ಕೆ ದೋಷ. ಆದುದರಿಂದ ಅದನ್ನು ಕೆರೆದು ಗರಸು ತುಂಬುತ್ತಾರೆ. ಬಯಲಿನ ಮಣ್ಣಿನೊಡನೆ ಗರಸಿಗಾಗಿ ಗುಡ್ಡವೂ ಕರಗುತ್ತದೆ. ಗುಡ್ಡ ಕರಗುವುದೆಂದರೇನೆಂದು ಯಶವಂತನಗರಕ್ಕೆ ಹೇಳಿಕೊಡಬೇಕಾಗಿಲ್ಲ. ಸಂಡೂರಿನ ಅದಿರು ಗಣಿಗಳು ಅದನ್ನು ಕಲಿಸಿವೆ.

ಕುಡತಿನಿಯ ಸುತ್ತ 2010ರ ಹೊತ್ತಿಗೆ ಉಕ್ಕಿನ ಕಾರ್ಖಾನೆಗಳಿಗೆಂದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಸುಮಾರು 12 ಸಾವಿರ ಎಕರೆಯನ್ನು ಸ್ವಾಧೀನಪಡಿಸಿಕೊಳ್ಳಲು ಹೊರಟಿತು. ಘೋಷಿತ ಕಾರ್ಖಾನೆಗಳು ಏಳಲಿಲ್ಲ, ಉದ್ಯೋಗವೂ ದೊರೆಯಲಿಲ್ಲ. 2022ರ ಡಿಸೆಂಬರಿನಲ್ಲಿ ರೈತರು ಧರಣಿ ಕುಳಿತರು. ಐದು ವರ್ಷ ಬಳಸದ ಭೂಮಿಯನ್ನು ಮೂಲ ಒಡೆಯರಿಗೆ ಅಥವಾ ಸರ್ಕಾರದ ಭೂಬ್ಯಾಂಕಿಗೆ ಮರಳಿಸಬೇಕೆಂದು ಕೇಂದ್ರದ 2013ರ ಭೂಸ್ವಾಧೀನ ಕಾಯ್ದೆ ಹೇಳುತ್ತದೆ. ಮಂಡಳಿಯು ನೆಲ ಪಡೆಯುವುದು ರಾಜ್ಯದ 1966ರ ಕಾಯ್ದೆಯಡಿ. ಅದರಲ್ಲಿ ಇಂತಹ ಭರವಸೆಯಿಲ್ಲ. ಒಂದೇ ನಾಡಿನ ರೈತನಿಗೆ ಎರಡು ನ್ಯಾಯವೇಕೆ?

ಬಂಡವಾಳ, ನೀರು, ಕಾರ್ಖಾನೆ ಮೂರೂ ಖಚಿತವಾಗುವವರೆಗೆ ಮೇಲ್ಮಣ್ಣಿಗೆ ಯಂತ್ರ ತಾಗಕೂಡದು. ಖಾಲಿ ಉಳಿದ ನೆಲ ಉತ್ತವನಿಗೇ ಮರಳಬೇಕು. ಅಂಗುಲ ಮೇಲ್ಮಣ್ಣು ಮೂಡಲು ಶತಮಾನಗಳು ಬೇಕು. ಕೆರೆಯಲು ಒಂದು ಹಗಲು ಸಾಕು.