ಹಿಮದ ಹಾದಿ, ನಾಲ್ಕು ಚಕ್ರದ ಭರವಸೆ

ಅಮೆರಿಕದ ಮಿಷಿಗನ್ ರಾಜ್ಯದ ಉತ್ತರದ ತುದಿಯಲ್ಲಿ, ಸುಪೀರಿಯರ್ ಸರೋವರದೊಳಕ್ಕೆ ಬಾಗಿದ ಬೆರಳನ್ನು ಚಾಚಿದಂತೆ ಒಂದು ಭೂಭಾಗವಿದೆ. ಕೀವೀನಾ ಎಂದು ಅದರ ಹೆಸರು. ಒಂದು ಕಾಲಕ್ಕೆ ತಾಮ್ರದ ಗಣಿಗಳಿಂದ ಖ್ಯಾತವಾಗಿದ್ದ ಈ ಪ್ರದೇಶಕ್ಕೆ ಇಂದು ಹಿಮವೇ ಖ್ಯಾತಿ. ಕೆನಡದ ಕಡೆಯಿಂದ ಬೀಸುವ ಶೀತಗಾಳಿ ಸರೋವರದ ತುಸು ಬೆಚ್ಚಗಿನ ನೀರನ್ನು ಹಾಯ್ದು, ತೇವವನ್ನು ಹೊತ್ತು, ದಡ ಸಿಕ್ಕೊಡನೆ ಆ ಹೊರೆಯನ್ನೆಲ್ಲ ಹಿಮವಾಗಿ ಇಳಿಸಿಬಿಡುತ್ತದೆ. 1978-79ರ ಚಳಿಗಾಲ ಒಂದರಲ್ಲಿಯೇ ಅಲ್ಲಿ ಬಿದ್ದ ಹಿಮ 390.4 ಅಂಗುಲ, ಎಂದರೆ ಮೂವತ್ತೆರಡು ಅಡಿಗೂ ಮಿಗಿಲು. ಹೆದ್ದಾರಿಯ ಮಗ್ಗುಲಲ್ಲಿ ಇದನ್ನು ತೋರಿಸುವ ಎತ್ತರದ ಅಳತೆಗಂಬವನ್ನೇ ನಿಲ್ಲಿಸಿದ್ದಾರೆ. ಆಗುಂಬೆಯವರು ತಮ್ಮ ಮಳೆಯನ್ನು ಹೇಳಿಕೊಳ್ಳುವ ಹೆಮ್ಮೆಯಿಂದಲೇ ಅಲ್ಲಿಯವರು ತಮ್ಮ ಹಿಮವನ್ನು ಹೇಳಿಕೊಳ್ಳುತ್ತಾರೆ.

ಅಲ್ಲಿನ ಹೋಟನ್ ಪಟ್ಟಣದಲ್ಲಿ ಪ್ರಸಿದ್ಧವಾದ ಒಂದು ತಾಂತ್ರಿಕ ವಿಶ್ವವಿದ್ಯಾಲಯವಿದೆ. ನಮ್ಮ ದೇಶದ ವಿದ್ಯಾರ್ಥಿಗಳೂ ಅಲ್ಲಿ ಓದುತ್ತಾರೆ. ವಾಹನಗಳು ಹಿಮದ ಮೇಲೆ ಹೇಗೆ ನಡೆಯುತ್ತವೆಂದು ಪರೀಕ್ಷಿಸುವ ಸಂಶೋಧನ ಕೇಂದ್ರವೂ ಆ ವಿಶ್ವವಿದ್ಯಾಲಯದ್ದುಂಟು. ಇಂಥ ಊರಿಗೆ ಕೊಪ್ಪ ಶೃಂಗೇರಿಯ ಕಡೆಯ ತರುಣನೊಬ್ಬ ಹೋಗಿ ನೆಲಸಿದನೆಂದು ವಾಚಕರು ಕಲ್ಪಿಸಿಕೊಳ್ಳಲಿ. ಕೆಲವು ತಿಂಗಳಲ್ಲಿ ಕೈಯಲ್ಲಿ ನಾಲ್ಕು ಕಾಸು ಕೂಡಿದೊಡನೆ ಅವನು ಒಂದು ಹಳೆಯ ಪಿಕಪ್ ವಾಹನವನ್ನು ಕೊಳ್ಳುತ್ತಾನೆ. ಮುಂದೆ ಇಬ್ಬರು ಮೂವರು ಕುಳಿತುಕೊಳ್ಳುವ ಕೋಣೆ, ಹಿಂದೆ ತೆರೆದ ತೊಟ್ಟಿ, ಗೇರಿನ ಪಕ್ಕದಲ್ಲಿ ಇನ್ನೊಂದು ಪುಟ್ಟ ಸನ್ನೆ. ಆ ಸನ್ನೆಯನ್ನು ಕಂಡು ಅವನಿಗೆ ತೌರೂರನ್ನು ಕಂಡಷ್ಟು ಸಂತೋಷ. ಸೋದರಮಾವನ ಕಾಫಿ ತೋಟದ ಜೀಪಿನಲ್ಲಿ ಅಂಥದೇ ಸನ್ನೆಯನ್ನು ಎಳೆದು ಆಷಾಢದ ಕೆಸರಿನಲ್ಲಿ ಏರು ಹತ್ತಿಸಿದವನಲ್ಲವೆ!

“ಮಾವಯ್ಯ, ಹಿಮ ಎಷ್ಟು ಬಿದ್ದರೂ ಹೆದರಿಕೆ ಇಲ್ಲ. ನಾಲ್ಕೂ ಚಕ್ರ ಎಳೆಯುವ ಗಾಡಿ ತೆಗೆದುಕೊಂಡಿದ್ದೇನೆ.”

“ಎಳೆಯುವುದು ಸರಿ ಮಾರಾಯ, ನಿಲ್ಲುವುದು ಹೇಗೆ ಅಂತ ಕೇಳಿಕೊಂಡೆಯೋ?”

ಮಾವಯ್ಯನವರು ಹಿಮವನ್ನು ಕಂಡವರಲ್ಲ. ಆದರೆ ಅವರು ಕೇಳಿದ ಪ್ರಶ್ನೆಯಲ್ಲಿಯೇ ಈ ವಿದ್ಯೆಯ ಅರ್ಧಭಾಗ ಅಡಗಿದೆ.

ಸಾಮಾನ್ಯವಾದ ಪಿಕಪ್ಪಿನಲ್ಲಿ ಎಂಜಿನ್ನಿನ ಶಕ್ತಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಭಾರವಾದ ಎಂಜಿನ್ನು ಮುಂದೆ, ಬರಿದಾದ ತೊಟ್ಟಿ ಹಿಂದೆ. ಎಳೆಯಬೇಕಾದ ಚಕ್ರಗಳ ಮೇಲೆಯೇ ಭಾರವಿಲ್ಲ. ಹೀಗಾಗಿ ಸರಕು ತುಂಬಿದಾಗ ಗಟ್ಟಿಗನಾದ ಈ ವಾಹನ ಬರಿದಾಗಿದ್ದಾಗ ಹಿಮದಲ್ಲಿ ತೀರ ಅಬಲ. ಸನ್ನೆಯನ್ನು ಎಳೆದಾಗ ಮುಂದಿನ ಚಕ್ರಗಳೂ ಎಂಜಿನ್ನಿಗೆ ಸೇರುತ್ತವೆ. ನಿಂತಲ್ಲಿಂದ ಹೊರಡಲು, ಏರನ್ನು ಹತ್ತಲು ನಾಲ್ಕು ಚಕ್ರಗಳ ಹಿಡಿತ ದೊರೆಯುತ್ತದೆ. ಇದು ನಿಸ್ಸಂದೇಹವಾಗಿ ದೊಡ್ಡ ಅನುಕೂಲ. ಆದರೆ ಬ್ರೇಕು? ಅದು ಎಲ್ಲ ವಾಹನಗಳಲ್ಲಿಯೂ ಮೊದಲಿನಿಂದ ನಾಲ್ಕು ಚಕ್ರಗಳಿಗೂ ಇದ್ದದ್ದೇ. ಸನ್ನೆಯನ್ನು ಎಳೆದುದರಿಂದ ಅದಕ್ಕೆ ಹೊಸ ಬಲವೇನೂ ಬರುವುದಿಲ್ಲ. ತಿರುವಿನಲ್ಲಿ ವಾಹನವನ್ನು ದಾರಿಯೊಳಗೆ ಹಿಡಿದಿಡುವ ಕೆಲಸವೂ ಟೈರಿನದೇ.

ಲೆಕ್ಕ ಹಾಕಿ ನೋಡಿದರೆ ಇದರ ಭೀಕರತೆ ಹೊಳೆಯುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ, ಒಣಗಿದ ಡಾಂಬರಿನ ಮೇಲೆ ಬ್ರೇಕು ಹಿಡಿದ ಕ್ಷಣದಿಂದ ಸುಮಾರು 20 ಮೀಟರಿನಲ್ಲಿ ನಿಲ್ಲಬಲ್ಲದು. ತುಳಿದು ಗಟ್ಟಿಯಾದ ಹಿಮದ ಮೇಲೆ ಅದಕ್ಕೆ ಸುಮಾರು 55 ಮೀಟರ್ ಬೇಕು. ನುಣುಪಾದ ಮಂಜುಗಡ್ಡೆಯ ಮೇಲಾದರೆ 140 ಮೀಟರ್ ದಾಟಿದರೂ ಆಶ್ಚರ್ಯವಿಲ್ಲ. ಚಾಲಕನಿಗೆ ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಸರಿದ ದೂರ ಇದರಲ್ಲಿ ಸೇರಿಲ್ಲ. ಎರಡು ಚಕ್ರದ ಗಾಡಿಯವನಿಗೆ ಹೊರಡುವಾಗಲೇ ಚಕ್ರ ಗಿರ್ರನೆ ಸುತ್ತಿ ನೆಲ ಜಾರುತ್ತಿದೆಯೆಂಬ ಎಚ್ಚರಿಕೆ ಸಿಗುತ್ತದೆ. ಅವನು ಮೆಲ್ಲಗೆ ಹೋಗುತ್ತಾನೆ. ನಾಲ್ಕು ಚಕ್ರದವನಿಗೆ ಆ ಎಚ್ಚರಿಕೆಯೇ ಇಲ್ಲ. ನಿರಾಯಾಸವಾಗಿ ಹೊರಟು, ನಿರಾಯಾಸವಾಗಿ ವೇಗವನ್ನೇರಿಸಿ, ಮೊದಲ ತಿರುವಿನಲ್ಲಿಯೋ ಮೊದಲ ಕೆಂಪು ದೀಪದಲ್ಲಿಯೋ ನಿಜಸ್ಥಿತಿಯನ್ನು ಕಾಣುತ್ತಾನೆ. ಅಷ್ಟರಲ್ಲಿ ಕಾಲ ಮೀರಿರುತ್ತದೆ.

ಈ ನಾಲ್ಕು ಚಕ್ರದ ಏರ್ಪಾಡು ಇಂದು ನಿನ್ನೆಯದಲ್ಲ. ಮಿಷಿಗನ್ನಿನ ನೆರೆಯ ವಿಸ್ಕಾನ್ಸಿನ್ ರಾಜ್ಯದ ಕ್ಲಿಂಟನ್‌ವಿಲ್ ಎಂಬ ಚಿಕ್ಕ ಊರಿನಲ್ಲಿ, ಯಂತ್ರದ ಅಂಗಡಿ ಇಟ್ಟುಕೊಂಡಿದ್ದ ಆಟೋ ಜಾಕೋ ಮತ್ತು ವಿಲಿಯಂ ಬೆಸರ್ಡಿಕ್ ಎಂಬ ನಂಟರು 1908ರ ಸುಮಾರಿಗೆ ಇಂಥ ಗಾಡಿಯನ್ನು ನಿರ್ಮಿಸಿದರು. ಮುಂದೆ ಅವರ ಕಾರ್ಖಾನೆಯ ಲಾರಿಗಳು ಮೊದಲನೆಯ ಮಹಾಯುದ್ಧದ ಕೆಸರಿನಲ್ಲಿ ಸಾವಿರಗಟ್ಟಲೆ ದುಡಿದವು. ಎರಡನೆಯ ಮಹಾಯುದ್ಧದಲ್ಲಿ ಜೀಪು ಬಂದಿತು. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಮುಂಬಯಿಯ ಮಹೀಂದ್ರ ಕಂಪೆನಿ ಅದನ್ನು ನಮ್ಮಲ್ಲಿ ಜೋಡಿಸತೊಡಗಿತು. ಕೊಡಗು ಚಿಕ್ಕಮಗಳೂರುಗಳ ತೋಟದ ದಾರಿಗಳಿಗೆ ಆ ಪುಟ್ಟ ಸನ್ನೆ ಬಂದುದು ಹೀಗೆ. ಆದರೆ ನಮ್ಮ ತರುಣನಿಗೆ ತೊಂದರೆ ಕೊಡುವುದೂ ಈ ನೆಂಟಸ್ತಿಕೆಯೇ. ಏಕೆಂದರೆ ಕೆಸರಿನ ವಿದ್ಯೆ ಬೇರೆ, ಹಿಮದ ವಿದ್ಯೆ ಬೇರೆ.

ಕೆಸರಿನಲ್ಲಿ ಚಕ್ರವನ್ನು ರಭಸದಿಂದ ತಿರುಗಿಸಿದರೆ ಟೈರಿನ ಗೆರೆಗಳೊಳಗಿನ ಮಣ್ಣು ಸಿಡಿದುಹೋಗಿ, ಕೆಲವು ವೇಳೆ ಕೆಳಗಿನ ಗಟ್ಟಿನೆಲ ಸಿಕ್ಕಿ ಜೀಪು ಮೇಲಕ್ಕೆ ಏಳುತ್ತದೆ. ಹಿಮದಲ್ಲಿ ಹಾಗೆ ಮಾಡಿದರೆ ಟೈರಿನ ಉಜ್ಜುವಿಕೆಗೆ ಹಿಮ ಕರಗಿ ನೀರಾಗಿ, ಆ ನೀರು ಒಡನೆಯೇ ಹೆಪ್ಪುಗಟ್ಟಿ, ಚಕ್ರದ ಕೆಳಗೆ ಒಂದು ಗಾಜಿನ ಬಟ್ಟಲು ಸಿದ್ಧವಾಗುತ್ತದೆ. ಮತ್ತೆ ಒತ್ತಿದಷ್ಟೂ ಬಟ್ಟಲು ಆಳವಾಗುವುದು, ನುಣುಪಾಗುವುದು. ಹಿಮದಲ್ಲಿ ಚಕ್ರ ಸುತ್ತತೊಡಗಿತೆಂದರೆ ಕಾಲನ್ನು ತೆಗೆಯಬೇಕು. ತುಸು ಹಿಂದಕ್ಕೆ, ತುಸು ಮುಂದಕ್ಕೆ, ತಾನೇ ಮಾಡಿದ ಜಾಡಿನಲ್ಲಿ ಮೆಲ್ಲನೆ ಆಡಿಸುತ್ತ ಹೊರಬರಬೇಕು. ಅದೂ ಆಗದಿದ್ದರೆ ಗುದ್ದಲಿ. ಚಕ್ರದ ಮುಂದೆ ಒಂದಿಷ್ಟು ಮರಳು.

ಮರಳಿಗೆ ಇನ್ನೊಂದು ಉಪಯೋಗವೂ ಉಂಟು. ಬರಿದಾದ ತೊಟ್ಟಿಯಲ್ಲಿ ಮರಳಿನ ಚೀಲಗಳನ್ನು ಇಟ್ಟುಕೊಳ್ಳುವುದು ಅಲ್ಲಿಯ ಪಿಕಪ್ ಒಡೆಯರ ಹಳೆಯ ಪದ್ಧತಿ. ನೂರೈವತ್ತು ಕಿಲೋ ಸುಮಾರು ಭಾರವಿದ್ದರೂ ಹಿಂದಿನ ಚಕ್ರಗಳ ನಡತೆಯೇ ಬದಲಾಗುತ್ತದೆ. ಚೀಲಗಳು ಹಿಂದಿನ ಅಚ್ಚಿನ ನೇರಕ್ಕೆ, ಇಲ್ಲವೆ ಅದಕ್ಕಿಂತ ಸ್ವಲ್ಪ ಮುಂದೆ ಇರಬೇಕು. ತೊಟ್ಟಿಯ ಹಿಂಬಾಗಿಲಿಗೆ ಒತ್ತಿ ಇಟ್ಟರೆ ಆ ಭಾರ ವಾಹನದ ಮೂತಿಯನ್ನು ಮೇಲಕ್ಕೆತ್ತಿ ಮುಂದಿನ ಚಕ್ರಗಳ ಹಿಡಿತವನ್ನು ಕಸಿದುಕೊಳ್ಳುವುದಲ್ಲದೆ, ತಿರುವಿನಲ್ಲಿ ಹಿಂಭಾಗವನ್ನು ಗಡಿಯಾರದ ಲೋಲಕದಂತೆ ಬೀಸುತ್ತದೆ. ಚೀಲಗಳನ್ನು ಭದ್ರವಾಗಿ ಕಟ್ಟಿರಬೇಕಾದುದೂ ಅವಶ್ಯಕ. ಅಪಘಾತದಲ್ಲಿ ಗಾಡಿ ನಿಂತರೂ ಚೀಲ ನಿಲ್ಲುವುದಿಲ್ಲ.

ಇನ್ನು ಆ ಸನ್ನೆಯ ಮರ್ಮ. ತೇರು ರಥಬೀದಿಯ ಮೂಲೆಯಲ್ಲಿ ತಿರುಗುವಾಗ ಹೊರಮಗ್ಗುಲ ಚಕ್ರ ಹೆಚ್ಚು ದೂರ ಉರುಳುತ್ತದೆ, ಒಳಮಗ್ಗುಲದ್ದು ಕಡಮೆ. ಇದನ್ನು ಯಾರೂ ಕಾಣಬಹುದು. ಮೋಟಾರಿನಲ್ಲಿ ಇದರ ಜೊತೆಗೆ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತನ್ನು ಹಾಕುತ್ತವೆ. ಎಡಬಲಗಳ ವ್ಯತ್ಯಾಸವನ್ನು ಸರಿದೂಗಿಸಲು ಅಚ್ಚಿನ ನಡುವೆ ಡಿಫರೆನ್ಷಿಯಲ್ ಎಂಬ ಗೇರಿನ ಪೆಟ್ಟಿಗೆ ಇದೆ. ಆದರೆ ಹೆಚ್ಚಿನ ಹಳೆಯ ಪಿಕಪ್ಪುಗಳಲ್ಲಿ ಹಿಂದುಮುಂದಿನ ವ್ಯತ್ಯಾಸಕ್ಕೆ ಅಂಥ ಏರ್ಪಾಡು ಇಲ್ಲ. ಸನ್ನೆಯನ್ನು ಎಳೆದೊಡನೆ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಹೋಗುವ ದಂಡಗಳು ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗಲೇಬೇಕು. ಹಿಮವಿದ್ದರೆ ಟೈರು ಚೂರು ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಒಣಗಿದ ಡಾಂಬರಿನ ಮೇಲೆ ಟೈರು ಜಾರದು. ಆಗ ಬಟ್ಟೆ ಹಿಂಡಿದ ಹಾಗೆ ಯಂತ್ರದ ಒಳಗೆಲ್ಲ ಮುರುಕು ಸೇರುತ್ತದೆ. ತಿರುಗಿಸುವ ಚಕ್ರ ಬಿಗಿಯಾಗುತ್ತದೆ, ಗಾಡಿ ಕುಪ್ಪಳಿಸುತ್ತದೆ, ಲಕ್ಷ್ಯ ಕೊಡದಿದ್ದರೆ ಬೆಲೆಬಾಳುವ ಗೇರುಗಳು ಮುರಿಯುತ್ತವೆ. ಸನ್ನೆ ಹಿಮಕ್ಕೆ ಮಾತ್ರ. ಒಣಹಾದಿಗೆ ಬಂದೊಡನೆ ಎರಡು ಚಕ್ರಕ್ಕೆ ಮರಳಬೇಕು. ಈಚಿನ ಕೆಲವು ಪಿಕಪ್ಪುಗಳಲ್ಲಿ ಅವಶ್ಯವಿದ್ದಾಗ ತಾನೇ ಮುಂದಿನ ಚಕ್ರಗಳನ್ನು ಸೇರಿಸಿಕೊಳ್ಳುವ ‘ಆಟೋ’ ಎಂಬ ಗುಂಡಿಯೂ ಬಂದಿದೆ. ಅಂಥದು ಅರ್ಧ ಒಣ, ಅರ್ಧ ಹಿಮದ ದಾರಿಗೆ ಸಲ್ಲುತ್ತದೆ. ಯಾವ ಗಾಡಿಗೆ ಯಾವುದುಂಟೆಂಬುದನ್ನು ಅದರ ಕೈಪಿಡಿಯೇ ಹೇಳಬೇಕು. ಗಾಡಿ ಕೊಂಡವರು ಕೊನೆಗೆ ಓದುವ ಪುಸ್ತಕವೂ ಅದೇ!

ಸನ್ನೆಯ ‘ಹೈ’, ‘ಲೋ’ ಎಂಬ ಎರಡು ಮನೆಗಳಲ್ಲಿ ಹಿಮದ ಸಾಮಾನ್ಯ ಸಂಚಾರಕ್ಕೆ ‘ಹೈ’ ಸಾಕು. ‘ಲೋ’ ಎಂಬುದು ಶಕ್ತಿಯನ್ನು ಎರಡೂವರೆ ಮೂರು ಪಟ್ಟು ಹೆಚ್ಚಿಸಿ ವೇಗವನ್ನು ಅಷ್ಟೇ ತಗ್ಗಿಸುವ ಮನೆ. ಹೆಚ್ಚು ಶಕ್ತಿಯೆಂದರೆ ಹೆಚ್ಚು ಹಿಡಿತವೆಂದು ಭ್ರಮಿಸುವವರುಂಟು. ನುಣುಪು ನೆಲದಲ್ಲಿ ಹೆಚ್ಚಿನ ಶಕ್ತಿ ಚಕ್ರವನ್ನು ಇನ್ನೂ ಬೇಗ ಜಾರಿಸುತ್ತದೆ, ಅಷ್ಟೆ. ಆಳವಾದ ಹಿಮವನ್ನು ಸೀಳಿಕೊಂಡು ಆಮೆಯ ನಡಿಗೆಯಲ್ಲಿ ಹೋಗುವಾಗ, ಕಡಿದಾದ ಇಳುಕಲಿನಲ್ಲಿ ಬ್ರೇಕಿಗೆ ಬದಲು ಎಂಜಿನ್ನಿನಿಂದಲೇ ತಡೆಯುತ್ತ ಇಳಿಯುವಾಗ ಮಾತ್ರ ‘ಲೋ’ ಬೇಕು. ಅದಕ್ಕೆ ಬದಲಾಯಿಸುವಾಗ ಗಾಡಿ ನಿಂತಿರಬೇಕು, ಇಲ್ಲವೆ ತೆವಳುತ್ತಿರಬೇಕು.

ಟೈರಿನ ಮಾತನ್ನು ಮರೆತರೆ ಮಿಕ್ಕದ್ದೆಲ್ಲ ವ್ಯರ್ಥ. ಉಷ್ಣತೆ 7 ಡಿಗ್ರಿಗಿಂತ ಇಳಿದಂತೆ ಸಾಧಾರಣ ಟೈರಿನ ರಬ್ಬರು ಗಡುಸಾಗುತ್ತದೆ. ಚಳಿಗಾಲದ ಟೈರಿನ ರಬ್ಬರು ಮೆತ್ತಗೇ ಉಳಿಯುತ್ತದೆ. ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹಳಕು: ಇದು ಅಂಥ ಟೈರಿನ ಗುರುತು. ನಾಲ್ಕು ಚಕ್ರದ ಗಾಡಿಗೆ ಸವೆದ ಟೈರು ಹಾಕಿದವನಿಗಿಂತ ಎರಡು ಚಕ್ರದ ಗಾಡಿಗೆ ಒಳ್ಳೆಯ ಚಳಿಗಾಲದ ಟೈರು ಹಾಕಿದವನು ತಿರುವಿನಲ್ಲಿಯೂ ನಿಲುಗಡೆಯಲ್ಲಿಯೂ ಹೆಚ್ಚು ಕ್ಷೇಮ.

ನಡೆಸುವ ಕ್ರಮವನ್ನು ಕಲಿಯಲು ಬರಿದಾದ ಒಂದು ಮೈದಾನ ಬೇಕು. ಅಲ್ಲಿ ಮೆಲ್ಲಗೆ ಹೋಗಿ ಬ್ರೇಕನ್ನು ಗಟ್ಟಿಯಾಗಿ ತುಳಿದು ನೋಡಿದರೆ ಕಾಲಿನ ಕೆಳಗೆ ಪಟಪಟನೆ ನಡುಕ ತಿಳಿಯುತ್ತದೆ. ಅದು ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಯಂತ್ರದ ಕೆಲಸ. ಹೆದರಿ ಕಾಲು ತೆಗೆಯಬಾರದು. ಅಂಥ ಯಂತ್ರವಿಲ್ಲದ ಹಳೆಯ ಗಾಡಿಯಲ್ಲಿ ಮಾತ್ರ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಬೇಕು. ಹಿಂಭಾಗ ಜಾರಿ ಪಕ್ಕಕ್ಕೆ ಬಂದರೆ ಕಾಲನ್ನು ಹಗುರಮಾಡಿ, ಹೋಗಬೇಕಾದ ಕಡೆಯನ್ನೇ ನೋಡುತ್ತ ಆ ಕಡೆಗೇ ತಿರುಗಿಸಬೇಕು. ಮರವನ್ನು ನೋಡಿದವನು ಮರಕ್ಕೇ ಹೋಗುತ್ತಾನೆ. ಸೇತುವೆಗಳ ಮೇಲೆ ವಿಶೇಷ ಜಾಗ್ರತೆ ಅಗತ್ಯ; ಕೆಳಗೂ ಮೇಲೂ ಗಾಳಿಯಾಡುವುದರಿಂದ ಅಲ್ಲಿ ಎಲ್ಲಕ್ಕಿಂತ ಮೊದಲು ಮಂಜುಗಡ್ಡೆ ಕಟ್ಟುತ್ತದೆ, ಕರಿಯ ಡಾಂಬರಿನ ಮೇಲೆ ಅದು ಕಣ್ಣಿಗೂ ಬೀಳದು.

ಇಷ್ಟು ಕಲಿತರೂ ಸಿಕ್ಕಿಬೀಳುವ ದಿನ ಬಂದೀತು. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಎಂಬ ಗಿರಿಧಾಮದಲ್ಲಿ ಹಿಮ ನೋಡಲು ಹೋದ ಸಂಸಾರಗಳು ರಾತ್ರಿಯೆಲ್ಲ ದಾರಿಯಲ್ಲಿ ಸಿಕ್ಕಿಕೊಂಡು, ಇಪ್ಪತ್ತಕ್ಕೂ ಹೆಚ್ಚು ಮಂದಿ ತಮ್ಮ ಕಾರುಗಳಲ್ಲಿಯೇ ಪ್ರಾಣಬಿಟ್ಟರು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಬಫಲೋ ನಗರದ ಸುತ್ತ ಬೀಸಿದ ಹಿಮಬಿರುಗಾಳಿಗೆ ನಲವತ್ತಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿಯೂ ವಾಹನಗಳೊಳಗೆ ಸತ್ತವರಿದ್ದರು. ಚಳಿ ಮಾತ್ರವೇ ಇಂಥ ಸ್ಥಿತಿಯಲ್ಲಿ ಕೊಲ್ಲುವುದೆಂದು ತಿಳಿಯಬಾರದು. ಬೆಚ್ಚಗಿರಲೆಂದು ಎಂಜಿನ್ನನ್ನು ನಡೆಸುತ್ತ ಕುಳಿತಾಗ, ಹಿಂದಿನ ಹೊಗೆಕೊಳವೆ ಹಿಮದಲ್ಲಿ ಹೂತಿದ್ದರೆ, ಹೊಗೆ ಹಿಂದಿರುಗಿ ಕೋಣೆಯೊಳಕ್ಕೆ ನುಸುಳುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು, ನಿದ್ದೆ; ಆ ನಿದ್ದೆಯಿಂದ ಮಕ್ಕಳಾಗಲಿ ದೊಡ್ಡವರಾಗಲಿ ಏಳುವುದಿಲ್ಲ.

ಆದುದರಿಂದ ಸಿಕ್ಕಿಬಿದ್ದವನು ಮೊದಲು ಮಾಡಬೇಕಾದ ಕೆಲಸ ಗುದ್ದಲಿ ಹಿಡಿದು ಇಳಿದು ಹೊಗೆಕೊಳವೆಯ ಬಾಯನ್ನು ಬಿಡಿಸುವುದು. ಬಳಿಕ ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ನು. ಗಾಳಿ ಬಾರದ ಕಡೆಯ ಕಿಟಕಿಯನ್ನು ಬೆರಳಗಲ ತೆರೆದಿಡಬೇಕು. ಹಿಮ ಬೀಳುತ್ತಲೇ ಇದ್ದರೆ ಪ್ರತಿ ಸಲವೂ ಕೊಳವೆಯನ್ನು ನೋಡಿ ಬರಬೇಕು. ಗಾಡಿಯನ್ನು ಬಿಟ್ಟು ನಡೆದುಹೋಗುವ ಸಾಹಸ ಬಿರುಗಾಳಿಯಲ್ಲಿ ಕೂಡದು. ಹತ್ತು ಮಾರು ಹೋಗುವಷ್ಟರಲ್ಲಿ ಗಾಡಿಯೇ ಕಾಣದಂತಾಗುತ್ತದೆ. ಕಂಬಳಿ, ನೀರು, ತಿನ್ನಲು ಒಂದಿಷ್ಟು, ಕೈದೀಪ, ಗುದ್ದಲಿ ಇವಿಷ್ಟೂ ಗಾಡಿಯ ಕೋಣೆಯೊಳಗೆ ಇರತಕ್ಕದ್ದು. ತೊಟ್ಟಿಯಲ್ಲಿಟ್ಟ ಗುದ್ದಲಿ ಹಿಮದಡಿಯಲ್ಲಿ ಹೂತುಹೋದರೆ ಅದನ್ನು ತೆಗೆಯಲು ಇನ್ನೊಂದು ಗುದ್ದಲಿ ಬೇಕಾದೀತು.

ನಮ್ಮ ತರುಣ ಒಂದು ಸಂಜೆ ಹೀಗೆ ಹಳ್ಳಿಯ ದಾರಿಯಿಂದ ಉಪ್ಪು ಹಾಕಿ ಒಣಗಿಸಿದ ಹೆದ್ದಾರಿಗೆ ಬರುತ್ತಾನೆ. ಸನ್ನೆಯನ್ನು ಎರಡು ಚಕ್ರಕ್ಕೆ ತಳ್ಳುತ್ತಾನೆ, ಅದು ಕದಲುವುದಿಲ್ಲ. ಒಳಗೆ ಮುರುಕು ಸೇರಿದೆ. ಬಲವಂತ ಸಲ್ಲದು. ದಾರಿಯ ಅಂಚಿಗೆ ಸರಿದು, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, ನಾಲ್ಕಾರು ಮೀಟರು ನೆಟ್ಟಗೆ ಹಿಂದಕ್ಕೆ ಬಿಟ್ಟರೆ ಬಿಗಿ ಸಡಿಲಿ ಸನ್ನೆ ತಾನಾಗಿ ಜಾರಿ ಬರುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತೋಟದಿಂದ ಪೇಟೆಯ ದಾರಿಗೆ ಬಂದಾಗಲೆಲ್ಲ ಮಾವಯ್ಯನವರ ಜೀಪಿನಲ್ಲಿ ಮಾಡುತ್ತಿದ್ದುದೂ ಅದನ್ನೇ.